ಖಾಲಿ ಕುರ್ಚಿ ಮತ್ತು ಮತಗಟ್ಟೆ: ನ್ಯಾಯಮೂರ್ತಿ ಹುದ್ದೆ ತೆರವಾದರೆ ಮತದಾನ ಏರುತ್ತದೆಯೇ?

‘ಹೈಕೋರ್ಟಿನಲ್ಲಿ ಹುದ್ದೆ ಖಾಲಿಯಾದರೆ ಮತದಾನ ಏರುತ್ತದೆಯೇ?’ ಎಂಬ ಪರೀಕ್ಷೆಯ ಪ್ರಶ್ನೆಗೆ ಉತ್ತರ ಬರೆಯುವವರಿಗೆ ಈ ಟಿಪ್ಪಣಿ. ಮೊದಲು ಒಂದು ಪದದ ಗೊಂದಲ ಕಳೆದುಕೊಳ್ಳೋಣ. ಅಮೆರಿಕದ ಪತ್ರಿಕೆಗಳು ತಮ್ಮ ಸುಪ್ರೀಂ ಕೋರ್ಟನ್ನೇ ಎಷ್ಟೋ ಸಲ ‘ಹೈಕೋರ್ಟ್’ ಎಂದು ಬರೆಯುತ್ತವೆ. ಅಲ್ಲಿನ ಲೇಖನದಲ್ಲಿ ಈ ಪದ ಕಂಡ ಕೂಡಲೇ ಬೆಂಗಳೂರಿನ ಅಠಾರಾ ಕಚೇರಿ ನೆನೆದು ಉತ್ತರ ಶುರು ಮಾಡಿದರೆ ಇಡೀ ಉತ್ತರ ದಾರಿ ತಪ್ಪುತ್ತದೆ.

ಅಮೆರಿಕದಲ್ಲಿ ಮತಕ್ಕೂ ನ್ಯಾಯಮೂರ್ತಿಯ ಕುರ್ಚಿಗೂ ನಡುವೆ ಎರಡೇ ಮೆಟ್ಟಿಲು. ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ ಒಪ್ಪಬೇಕು. ಕೆಳಮನೆಗೆ ಇದರಲ್ಲಿ ಪಾತ್ರವಿಲ್ಲ. 1869ರಿಂದ ಇರುವುದು 9 ಸ್ಥಾನ, ನಿವೃತ್ತಿ ವಯಸ್ಸಿಲ್ಲ. ಹಾಗಾಗಿ ಕುರ್ಚಿ ಯಾವಾಗ ತೆರವಾಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ, ತುಂಬಿದ ಮೇಲೆ ಮೂವತ್ತು ವರ್ಷ ಕದಲದೆಯೂ ಇರಬಹುದು. 2017ರಿಂದ ಸೆನೆಟ್‌ನಲ್ಲಿ ಸರಳ ಬಹುಮತ ಸಾಕಾಗಿದೆ. ಅದಕ್ಕೆ ಮುಂಚೆ ಚರ್ಚೆ ಮುಗಿಸಲು 60 ಮತ ಬೇಕಿತ್ತು. ಒಂದು ಸೆನೆಟ್ ಸ್ಥಾನದ ಬೆಲೆ ಏರಿದ್ದು ಇದರಿಂದ.

ಮೂರು ಪ್ರಕರಣಗಳಲ್ಲಿ ದಿನಾಂಕವೇ ಮುಖ್ಯ. 2016ರ ಫೆಬ್ರವರಿ 13ರಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತೀರಿಕೊಂಡರು. ಒಬಾಮಾ ಮಾರ್ಚ್ 16ಕ್ಕೆ ಮೆರಿಕ್ ಗಾರ್ಲಂಡ್ ಹೆಸರು ಕಳಿಸಿದರು, ಸೆನೆಟ್ ವಿಚಾರಣೆಯನ್ನೇ ನಡೆಸಲಿಲ್ಲ. ಮತದಾನದ ದಿನ ಕುರ್ಚಿ ಖಾಲಿಯೇ ಇತ್ತು. ಟ್ರಂಪ್ ತಾನು ಯಾರನ್ನು ನೇಮಿಸಬಹುದೆಂಬ ಪಟ್ಟಿಯನ್ನೇ ಮೊದಲೇ ಹೊರಬಿಟ್ಟಿದ್ದರು. 2018ರಲ್ಲಿ ಇದ್ದದ್ದು ಅಧ್ಯಕ್ಷರದ್ದಲ್ಲ, ಸಂಸತ್ತಿನ ಮಧ್ಯಾವಧಿ ಚುನಾವಣೆ. ಆಗ ಟ್ರಂಪ್ ಸೂಚಿಸಿದ್ದ ಬ್ರೆಟ್ ಕ್ಯಾವನಾ ನೇಮಕ ಅಕ್ಟೋಬರ್ 6ರಂದು 50–48ರಲ್ಲಿ ಪಾಸಾಯಿತು. ಮತದಾನಕ್ಕೆ ಒಂದೇ ತಿಂಗಳಿತ್ತು. 2020ರಲ್ಲಿ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಸೆಪ್ಟೆಂಬರ್ 18ಕ್ಕೆ ತೀರಿಕೊಂಡರೆ, ಏಮಿ ಕೋನಿ ಬ್ಯಾರೆಟ್ ನೇಮಕ ಅಕ್ಟೋಬರ್ 26ಕ್ಕೆ, ಅಂದರೆ ಮತದಾನಕ್ಕೆ ಎಂಟು ದಿನ ಮುಂಚೆ, 52–48ರಲ್ಲಿ ಮುಗಿಯಿತು.

ಇಲ್ಲಿ ನೋಡಬೇಕಾದ್ದು: ಮತದಾನದ ದಿನ ಕುರ್ಚಿ ಖಾಲಿ ಇದ್ದರೆ ಎರಡೂ ಪಕ್ಷದವರಿಗೆ ಬೂತಿಗೆ ಹೋಗಲು ಕಾರಣ ಇರುತ್ತದೆ. ತುಂಬಿಬಿಟ್ಟಿದ್ದರೆ ಗೆದ್ದವರಿಗೆ ಆ ಕಾರಣ ಕರಗುತ್ತದೆ, ಸೋತವರ ಸಿಟ್ಟು ಮಾತ್ರ ಉಳಿಯುತ್ತದೆ. ಹೀಗೆಂಬುದು ಊಹೆ. ಅಂಕಿ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಕುರ್ಚಿ ಖಾಲಿಯಿದ್ದ 2016ರಲ್ಲಿ ಅರ್ಹರ ಪೈಕಿ ಮತ ಹಾಕಿದವರು ಸುಮಾರು 60%, 2012ಕ್ಕಿಂತ ಅಲ್ಪ ಹೆಚ್ಚು. ಕುರ್ಚಿ ತುಂಬಿದ್ದ 2018ರಲ್ಲಿ ಸುಮಾರು 50%, 2014ರಲ್ಲಿ ಅದು 37%ರ ಆಸುಪಾಸಿನಲ್ಲಿತ್ತು. 2020ರಲ್ಲಿ ಮೂರನೇ ಎರಡು ಭಾಗ. ಆದರೆ 2018ರಲ್ಲಿ ಟ್ರಂಪ್ ಪರ-ವಿರೋಧದ ಕಾವಿತ್ತು, 2020ರಲ್ಲಿ ಕೊರೋನಾ ಮತ್ತು ಅಂಚೆ ಮತ ಇದ್ದವು. ಏರಿಕೆಯನ್ನೆಲ್ಲ ಕುರ್ಚಿಯ ಲೆಕ್ಕಕ್ಕೆ ಬರೆದರೆ ತಪ್ಪಾಗುತ್ತದೆ. ಗಿನ್ಸ್‌ಬರ್ಗ್ ನಿಧನದ ನಂತರದ 28 ಗಂಟೆಗಳಲ್ಲಿ ಡೆಮಾಕ್ರಟರ ಪರ ಆಕ್ಟ್‌ಬ್ಲೂ ವೇದಿಕೆಗೆ 9 ಕೋಟಿ ಡಾಲರ್ ಮೀರಿ ಹಣ ಬಂತು. ಇದು ಕೆರಳಿದ ಕಾರ್ಯಕರ್ತರ ಸಾಕ್ಷಿ, ಮತದಾರರ ಸಂಖ್ಯೆಯ ಸಾಕ್ಷಿ ಅಲ್ಲ.

ಹೆಚ್ಚಿನವರು ಎಡವುವುದು ಎಕ್ಸಿಟ್ ಪೋಲ್‌ನಲ್ಲಿ. 2016ರಲ್ಲಿ 21% ಮತದಾರರು ಸುಪ್ರೀಂ ಕೋರ್ಟ್ ನೇಮಕವೇ ಅತಿ ಮುಖ್ಯ ಅಂಶವೆಂದರು, ಅವರಲ್ಲಿ 56% ಟ್ರಂಪ್‌ಗೆ ಹಾಕಿದ್ದರು. ‘ಆದ್ದರಿಂದ ಮತದಾನ ಹೆಚ್ಚಿತು’ ಎಂದು ಬರೆದರೆ ಅಂಕ ಹೋದಂತೆ. ಈ ಸಮೀಕ್ಷೆ ಕೇಳುವುದು ಮತ ಹಾಕಿದವರನ್ನು ಮಾತ್ರ. ಮನೆಯಲ್ಲೇ ಉಳಿದವನು ಅದರೊಳಗೆ ಇಲ್ಲ. ಹೇಗೂ ಬರುತ್ತಿದ್ದವನೂ ಕಾರಣ ಕೇಳಿದಾಗ ಕೋರ್ಟಿನ ಹೆಸರು ಹೇಳಿರಬಹುದು. ಯಾರಿಗೆ ಹಾಕಿದ ಎಂಬುದು ಒಂದು, ಬಂದನೋ ಇಲ್ಲವೋ ಎಂಬುದು ಇನ್ನೊಂದು.

ಹಾಗಾದರೆ ಅಳೆಯುವುದು ಹೇಗೆ? ನೇಮಕ ಒಪ್ಪುವುದು ಸೆನೆಟ್ ಆದ್ದರಿಂದ, ಸೆನೆಟ್ ಸ್ಪರ್ಧೆ ಇದ್ದ ರಾಜ್ಯವನ್ನು ಇಲ್ಲದ ರಾಜ್ಯದ ಜೊತೆ ಹೋಲಿಸಬಹುದು. ಲೆಕ್ಕಕ್ಕೆಂದು ಹಿಡಿಯಿರಿ: 2014ರಿಂದ 2018ಕ್ಕೆ ಮತದಾನದ ಶೇಕಡಾವಾರು ಸ್ಪರ್ಧೆ ಇದ್ದಲ್ಲಿ 40ರಿಂದ 54ಕ್ಕೆ, ಇಲ್ಲದಲ್ಲಿ 38ರಿಂದ 49ಕ್ಕೆ ಏರಿತು. 14ರಲ್ಲಿ 11 ಕಳೆದರೆ 3 ಅಂಶ ಉಳಿಯಿತು. ಇಷ್ಟಕ್ಕೇ ಖುಷಿಪಡಬೇಡಿ. ಸೆನೆಟ್ ಸ್ಥಾನಗಳು ಆರು ವರ್ಷಕ್ಕೊಮ್ಮೆ ಮೂರು ಗುಂಪಾಗಿ ಬರುತ್ತವೆ, ಪ್ರತಿ ರಾಜ್ಯ ಇದರಲ್ಲಿ ಎರಡು ಗುಂಪಿನಲ್ಲಿರುತ್ತದೆ. ವಿಶೇಷ ಚುನಾವಣೆ ಬಿಟ್ಟರೆ, 2018ರಲ್ಲಿ ಸ್ಪರ್ಧೆ ಇಲ್ಲದ ರಾಜ್ಯದಲ್ಲಿ 2014ರಲ್ಲಿ ಸ್ಪರ್ಧೆ ಇದ್ದೇ ಇತ್ತು. ಪ್ರಚಾರದ ಹಣ, ಜನ ಎಲ್ಲ ಅಲ್ಲಿಂದ ಖಾಲಿಯಾದದ್ದೇ ಆ 11ನ್ನು ಕುಗ್ಗಿಸಿರಬಹುದು. ಎರಡೂ ವರ್ಷ ಸ್ಪರ್ಧೆ ಇದ್ದ ರಾಜ್ಯಗಳನ್ನು ಬೇರೆಯಾಗಿಟ್ಟು ನೋಡಬೇಕು.

ಈಗ ನಮ್ಮ ಕಡೆಗೆ. ಕರ್ನಾಟಕ ಹೈಕೋರ್ಟಿನ ಮಂಜೂರಾದ ಬಲ 62. ನಿವೃತ್ತಿ ವಯಸ್ಸೂ 62, ಆದ್ದರಿಂದ ಬಹುತೇಕ ತೆರವಿನ ದಿನಾಂಕ ವರ್ಷಗಳ ಮುಂಚೆಯೇ ಗೊತ್ತು. ತೆರವಿಗೆ ಆರು ತಿಂಗಳ ಮುಂಚೆ ಪ್ರಸ್ತಾವ ಹೊರಡಬೇಕೆಂಬ ಪದ್ಧತಿಯೂ ಇದೆ. ಹೆಸರು ಹೊರಡುವುದು ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂನಿಂದ. ಇದನ್ನು ಬದಲಿಸಲು ಹೊರಟ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟ್ 2015ರ ಅಕ್ಟೋಬರ್ 16ರಂದು ರದ್ದುಮಾಡಿತು. ಶಾಸಕರಿಗೆ ಹಾಕಿದ ಮತ ಈ ದಾರಿಯಲ್ಲಿ ನೇರವಾಗಿ ಎಲ್ಲೂ ಸಿಗುವುದಿಲ್ಲ. ಅಲ್ಲಿನ ಎರಡು ಮೆಟ್ಟಿಲು ಇಲ್ಲಿ ಇಲ್ಲ.

ಶರಾವತಿ ಮುಳುಗಡೆ ಸಂತ್ರಸ್ತರ ಉದಾಹರಣೆ ತೆಗೆದುಕೊಳ್ಳಿ. ಅವರಿಗೆ ಕೊಟ್ಟ ಭೂಮಿಯನ್ನು ಅರಣ್ಯದ ಪಟ್ಟಿಯಿಂದ ತೆಗೆಯುವ ಡಿನೋಟಿಫಿಕೇಶನ್ ಆದೇಶಕ್ಕೆ ಪೆಟ್ಟು ಬಿದ್ದದ್ದು ಹೈಕೋರ್ಟಿನಲ್ಲೇ. ಆದರೂ ಸಾಗರ, ಹೊಸನಗರದಲ್ಲಿ ಮತ ಕೇಳಲು ಬಂದವರ ಮುಂದೆ ಬರುವ ಪ್ರಶ್ನೆ ‘ಹಕ್ಕುಪತ್ರ ಯಾವಾಗ’ ಎಂಬುದು. ‘ನ್ಯಾಯಮೂರ್ತಿ ಹುದ್ದೆ ಎಷ್ಟು ಖಾಲಿ’ ಎಂದು ಯಾರೂ ಕೇಳುವುದಿಲ್ಲ. ಕೋರ್ಟಿನ ವಿಷಯ ಮತವಾಗುವುದು ಸರ್ಕಾರದ ಮೇಲಿನ ಸಿಟ್ಟಾಗಿ ತಿರುಗಿದಾಗ ಮಾತ್ರ.

ಖಾಲಿ ಹುದ್ದೆ ನಮ್ಮ ಚುನಾವಣೆಗೆ ತಾಗುವುದು ಬೇರೆ ಜಾಗದಲ್ಲಿ, ಅದೂ ಮತದಾನ ಮುಗಿದ ಮೇಲೆ. ಶಾಸಕ, ಸಂಸದರ ಆಯ್ಕೆ ಪ್ರಶ್ನಿಸುವ ಚುನಾವಣಾ ತಕರಾರು ಅರ್ಜಿಯನ್ನು 45 ದಿನದೊಳಗೆ ಹೈಕೋರ್ಟಿಗೇ ಹಾಕಬೇಕು. ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ಪೀಠದಲ್ಲಿ ಜನ ಕಡಿಮೆಯಾದಷ್ಟೂ ಆ ಆರು ತಿಂಗಳು ಹಿಗ್ಗುತ್ತದೆ. ಐದು ವರ್ಷದ ಅವಧಿಯೇ ಮುಗಿದರೆ ತೀರ್ಪು ಬಂದೂ ಪ್ರಯೋಜನ ಕಡಿಮೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ಚುನಾವಣೆ ವರ್ಷಗಟ್ಟಲೆ ನಡೆಯದ್ದನ್ನು ಇದರ ಜೊತೆ ಬೆರೆಸಬೇಡಿ. ಅಲ್ಲಿ ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ತಕರಾರಿತ್ತು, ನ್ಯಾಯಮೂರ್ತಿಗಳ ಕೊರತೆಯೇ ಕಾರಣವಲ್ಲ.

ಯಾರಾದರೂ ಇದನ್ನೇ ಶಿವಮೊಗ್ಗ ಜಿಲ್ಲೆಯಲ್ಲಿ ಕಿರು ಅಧ್ಯಯನ ಮಾಡುವುದಾದರೆ, ಬೂತುವಾರು ಮತಕ್ಕೆ ಫಾರ್ಮ್ 20, ಅಂದರೆ ಅಂತಿಮ ಫಲಿತಾಂಶದ ಪಟ್ಟಿ, ನೋಡಿ. ಛೇದದ ಬಗ್ಗೆ ಎಚ್ಚರ. ಅಮೆರಿಕದ ಮೇಲಿನ ಶೇಕಡಾವಾರು ಅರ್ಹ ಜನಸಂಖ್ಯೆಯದ್ದು, ನಮ್ಮದು ಪಟ್ಟಿಯಲ್ಲಿ ಹೆಸರಿರುವವರದ್ದು. ಎರಡನ್ನೂ ಒಂದೇ ಕೋಷ್ಟಕದಲ್ಲಿ ಹಾಕುವಂತಿಲ್ಲ. ಮಲೆನಾಡಿನ ಹಳ್ಳಿಯಲ್ಲಿ ಬೆಂಗಳೂರು ಸೇರಿದ ಮಕ್ಕಳ ಹೆಸರು ಊರಿನ ಪಟ್ಟಿಯಲ್ಲೇ ಉಳಿದಿರುತ್ತದೆ. 200 ಮತದಾರರ ಬೂತಿನಲ್ಲಿ ಅಂಥ 10 ಜನ ರಾತ್ರಿ ಬಸ್ಸಿಗೆ ಊರಿಗೆ ಬಂದರೆ ಮತದಾನ 5 ಅಂಶ ಜಿಗಿಯುತ್ತದೆ. ಒಂದೊಂದು ಬೂತಿನ ಮೇಲೆ ತೀರ್ಮಾನ ಮಾಡದೆ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಕೂಡಿಸಿ. ಎರಡು ಚುನಾವಣೆಗಳ ನಡುವೆ ಬೂತು ಒಡೆದಿದೆಯೇ, ಸಂಖ್ಯೆ ಬದಲಾಗಿದೆಯೇ ಎಂದು ಊರಿನ ಹೆಸರು ಹಿಡಿದು ತಾಳೆ ನೋಡಿ. ಬೂತಿನ ಸಂಖ್ಯೆಯನ್ನೇ ನಂಬಿದರೆ ಆನಂದಪುರದ ಮತ ತ್ಯಾಗರ್ತಿಯ ಲೆಕ್ಕಕ್ಕೆ ಹೋಗಿ ಕೂತಿರುತ್ತದೆ.