ಎರಡು ಕೊಳಗದ ಪಾಠ

'ಗೇಣಿ', ಅಂದರೆ ಉಳುವವನು ಜಮೀನಿನ ಒಡೆಯನಿಗೆ ಕೊಡುವ ಪಾಲು. ಈ ಒಂದು ಪದಕ್ಕೇ ಒಂದು ಪೀರಿಯಡ್ ಹೋಯಿತು. ಸಾಗರ ಸೀಮೆಯ ನಮ್ಮ ಶಾಲೆಯಲ್ಲಿ ಮನೆಮಾತು ಲಂಬಾಣಿ ಇರುವ ಮಕ್ಕಳಿದ್ದಾರೆ, ಉರ್ದು ಇರುವವರಿದ್ದಾರೆ. ಆ ವರ್ಷ ಅಡಿಕೆ ತೋಟದ ಕೆಲಸಕ್ಕೆ ಬಂದ ಒಡಿಶಾದ ಕುಟುಂಬದ ಹುಡುಗನೊಬ್ಬ ಸೇರಿದ್ದ. ಅವನಿಗೆ ಬರುತ್ತಿದ್ದ ಕನ್ನಡವೆಂದರೆ 'ಊಟ ಆಯ್ತಾ' ಮತ್ತು ಕ್ರಿಕೆಟ್ ಆಡುವಾಗ ಕಲಿತ ಬೈಗುಳ.

ಮಾರನೇ ದಿನ ಪುಸ್ತಕ ಮುಚ್ಚಿಸಿ ಬೋರ್ಡಿನ ಮೇಲೆ ಎರಡು ಕೊಳಗ, ಅಂದರೆ ಭತ್ತ ಅಳೆಯುವ ಪಾತ್ರೆ, ಬರೆದೆ. ಸಣ್ಣದರ ಪಕ್ಕ ಗದ್ದೆ ಉಳುವವನು, ದೊಡ್ಡದರ ಪಕ್ಕ ಜಗಲಿಯ ಮೇಲೆ ಕೂತ ಒಡೆಯ. ಭತ್ತ ಎತ್ತ ಹೋಗುತ್ತದೆ ಅನ್ನುವುದಕ್ಕೆ ಒಂದು ಬಾಣ. ಹಿಂದಿನ ಬೆಂಚಿನಿಂದ 'ಮೋಸ!' ಅನ್ನುವ ಕೂಗು ಬಂತು. ನಮ್ಮ ಸೀಮೆಯ ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಸಿಟ್ಟೆಲ್ಲ ಒಡೆಯರು ಗೇಣಿ ಅಳೆಯುತ್ತಿದ್ದ ಆ ಕೊಳಗದ ಗಾತ್ರದಲ್ಲೇ ಇತ್ತಲ್ಲ. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ, ಇವನ್ನೆಲ್ಲ ಆಮೇಲೆ ಹೇಳಿದರೂ ನಡೆಯಿತು.

ಹಾಗಂತ ಚಿತ್ರ ತೋರಿಸಿದರೆ ಸಾಕು, ಭಾಷೆ ಬೇಡ ಅನ್ನುವವರನ್ನು ನಾನು ನಂಬುವುದಿಲ್ಲ. ಹಳೆಯ ಗುಡಿಗಳ ಊರಾದ ಬಳ್ಳಿಗಾವಿಗೆ ಮಕ್ಕಳನ್ನು ಕರೆದೊಯ್ದು, ಕಾಳಗದಲ್ಲಿ ಸತ್ತವನ ನೆನಪಿಗೆ ನೆಟ್ಟ ವೀರಗಲ್ಲಿನ ಮುಂದೆ ನಿಲ್ಲಿಸಿ ಕಥೆ ಹೇಳಿ ಅಂದಾಗ ಪಾಠ ಕಲಿತವನು ನಾನೇ. ಮಕ್ಕಳು ಪುಟ ಓದಿದ ಹಾಗೆ ಮೇಲಿನಿಂದ ಶುರುಮಾಡಿದರು: ಒಬ್ಬ ಶಿವಲಿಂಗದ ಮುಂದೆ ಕೂತಿದ್ದ, ಹೆಂಗಸರು ಅವನನ್ನು ಕೆಳಗಿಳಿಸಿದರು, ಆಮೇಲೆ ಯುದ್ಧ ಆಯಿತು! ಕಲ್ಲನ್ನು ಓದಬೇಕಾದ್ದು ಕೆಳಗಿನಿಂದ: ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಚಿತ್ರಕ್ಕೂ ವ್ಯಾಕರಣ ಇದೆ, ಅದನ್ನೂ ಕಲಿಸಬೇಕು. ಅಳತೆ, ಹೋಲಿಕೆ ಕಣ್ಣಿಗೆ ತಟ್ಟನೆ ದಕ್ಕುತ್ತವೆ. ಸಂಪ್ರದಾಯದ ಸಂಕೇತ ಹಾಗಲ್ಲ.

ಅದಕ್ಕೇ ಈಗ ನಾನು ತೋರಿಸುವುದು ಕಡಿಮೆ, ಬರೆಸುವುದು ಹೆಚ್ಚು. (ಗೋಡೆ ತುಂಬ ಫ್ಲೆಕ್ಸ್ ಚಾರ್ಟು ಇವೆ, ಧೂಳು ಹೊಡೆಯುವಾಗ ಮಾತ್ರ ನೋಡುತ್ತೇವೆ.) ದೀವರು ಸಮುದಾಯದ ಹುಡುಗಿಯೊಬ್ಬಳು ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟು, ಕೆಮ್ಮಣ್ಣು ತಂದು ಅವಳ ಮನೆಯವರು ಗೋಡೆಗೆ ಬರೆಯುವ ಹಸೆ ಚಿತ್ತಾರದ ಗೆರೆಯಲ್ಲೇ ಊರಿನ ನಕ್ಷೆ ಬರೆದಳು. ಅದರಲ್ಲಿ ಕೆರೆ ಶಾಲೆಗಿಂತ ದೊಡ್ಡದು. ತಿದ್ದಲಿಲ್ಲ. ಕೆರೆ ಯಾಕೆ ಅಷ್ಟು ದೊಡ್ಡದು ಎಂದು ಕೇಳಿದ್ದರಿಂದಲೇ ನೀರಾವರಿಯ ಪಾಠ ಶುರುವಾಯಿತು.

ಆ ಒಡಿಶಾ ಹುಡುಗನ ವಿಷಯ ಬಾಕಿ ಉಳಿಯಿತು. ಎರಡು ಕೊಳಗದ ದಿನ ಅವನು ಎದ್ದು ಬಂದು ಸೀಮೆಸುಣ್ಣ ಇಸಕೊಂಡ. ಮೂರನೆಯದೊಂದು ಬರೆದ, ಬೆತ್ತದಲ್ಲಿ ಹೆಣೆದ ಭತ್ತದ ಅಳತೆ. ಬೆರಳಿಟ್ಟು 'ಮಾಣ' ಅಂದ. ನಮ್ಮ ಹಳೆಯ ಶಾಸನಗಳಲ್ಲೂ ಕೊಳಗದ ಜೊತೆ 'ಮಾನ' ಅನ್ನುವ ಅಳತೆ ಬರುತ್ತದೆ. ಅವನು ಬರೆದ ಚಿತ್ರದ ಕೆಳಗೆ ಎರಡೂ ಪದ ಬರೆದೆ. ಬೆಲ್ ಹೊಡೆದರೂ ಯಾರೂ ಅದನ್ನು ಅಳಿಸಲಿಲ್ಲ.