‘ಡೈಡ್ಯಾಕ್ಟಿಕ್’ ಎಂದರೆ ಮೆಚ್ಚುಗೆಯೋ, ಆಕ್ಷೇಪವೋ?

ಪ್ರಶ್ನೆ: ಶಾಲಾ ವಾರ್ಷಿಕೋತ್ಸವಕ್ಕೆಂದು ನೀರಿನ ಬವಣೆಯ ಬಗ್ಗೆ ನಾನು ಬರೆದ ನಾಟಕವನ್ನು ನೋಡಿದವರೊಬ್ಬರು ‘ತುಸು ಡೈಡ್ಯಾಕ್ಟಿಕ್ ಆಯಿತು’ ಎಂದರು. ನಿಘಂಟಿನಲ್ಲಿ ‘ಬೋಧಪ್ರದ’ ಎಂದಿದೆ. ಹಾಗಾದರೆ ಅದು ಮೆಚ್ಚುಗೆಯೇ?
— ಶಿಕ್ಷಕಿ, ಮುಳಬಾಗಿಲು

ಉತ್ತರ: ನಿಘಂಟು ತಪ್ಪು ಹೇಳಿಲ್ಲ. ಆದರೂ ಅವರು ಹೇಳಿದ್ದು ಆಕ್ಷೇಪವನ್ನೇ, ಮತ್ತು ಅದರ ಸುಳಿವು ‘ತುಸು’ ಎಂಬ ಮಾತಿನಲ್ಲಿದೆ.

ಕಲಿಸುವುದು ಎಂಬ ಅರ್ಥದ ಗ್ರೀಕ್ ಕ್ರಿಯಾಪದದಿಂದ ಹುಟ್ಟಿ, 17ನೆಯ ಶತಮಾನದಲ್ಲಿ ಇಂಗ್ಲಿಷಿನ ಬಳಕೆಗೆ ಬಂದ ಈ ಗುಣವಾಚಕದ ಮೂಲ ಅರ್ಥ ‘ಕಲಿಸುವುದಕ್ಕೆ ತಕ್ಕುದು’ ಎಂಬುದಷ್ಟೇ. ಕಿವಿಗೆ ಹತ್ತಿರವೆನಿಸಿದರೂ ‘ಡಿಕ್ಟೇಷನ್’ ಇದರ ಬಳಗದ್ದಲ್ಲ, ಅದು ಲ್ಯಾಟಿನ್ ಮೂಲದ್ದು. ಬೇಸಾಯವನ್ನು ಕುರಿತ ವರ್ಜಿಲ್ ಕವಿಯ ಕಾವ್ಯವನ್ನು ವಿದ್ವಾಂಸರು ‘ಡೈಡ್ಯಾಕ್ಟಿಕ್’ ಪ್ರಕಾರಕ್ಕೆ ಸೇರಿಸುವಾಗ, ಅಥವಾ ವೈದ್ಯಕೀಯ ಕಾಲೇಜಿನಲ್ಲಿ ರೋಗಿಯ ಹಾಸಿಗೆಯ ಬಳಿ ನಡೆಯುವ ಪಾಠದಿಂದ ಬೇರೆಯಾಗಿ ತರಗತಿಯ ಉಪನ್ಯಾಸವನ್ನು ‘ಡೈಡ್ಯಾಕ್ಟಿಕ್ ಲೆಕ್ಚರ್’ ಎನ್ನುವಾಗ, ನಿಂದೆಯ ಸೋಂಕೂ ಇರುವುದಿಲ್ಲ. ಅಲ್ಲಿ ಅದು ಬಗೆಯನ್ನು ಹೆಸರಿಸುವ ಪದ. ಬಗೆಯನ್ನು ಹೆಸರಿಸುವ ಪದಕ್ಕೆ ಹೆಚ್ಚು ಕಡಿಮೆ ಎಂಬುದಿಲ್ಲ. ‘ತುಸು’, ‘ತೀರಾ’ ಎಂಬ ಮಾತುಗಳು ಬಂದು ಸೇರಿದವೆಂದರೆ, ಹೇಳುವವರು ಅತಿಯಾದ ಉಪದೇಶವನ್ನು ಅಳೆಯುತ್ತಿದ್ದಾರೆ ಎಂದೇ ತಿಳಿಯಬೇಕು. ಕನ್ನಡದಲ್ಲಿ ಮೊದಲನೆಯದಕ್ಕೆ ‘ಬೋಧನಾತ್ಮಕ’ ಎಂದೂ ಎರಡನೆಯದಕ್ಕೆ ‘ಉಪದೇಶದ ಧಾಟಿಯದು’ ಎಂದೂ ಬರೆದರೆ ಗೊಂದಲವಿರದು.

ಬೋಧಿಸುವುದೇ ದೋಷವೆಂದು ಮಾತ್ರ ತಿಳಿಯಬೇಡಿ. ನಿಮ್ಮ ಮುಳಬಾಗಿಲಿನಲ್ಲೇ 1887ರಲ್ಲಿ ಹುಟ್ಟಿದ ಡಿ.ವಿ.ಜಿ. ಅವರ ‘ಮಂಕುತಿಮ್ಮನ ಕಗ್ಗ’ ಉದ್ದಕ್ಕೂ ಬೋಧೆಯೇ. ಆದರೆ ಅಲ್ಲಿ ಬುದ್ಧಿಮಾತು ಮಂಕುತಿಮ್ಮನನ್ನು ಕರೆದು ಹೇಳಿದ್ದು, ಪಕ್ಕದಲ್ಲಿ ಕುಳಿತ ನಾವು ಅದನ್ನು ಕೇಳಿಸಿಕೊಳ್ಳುತ್ತೇವೆ. ವೇದ ಪ್ರಭುವಿನಂತೆ ಆಜ್ಞಾಪಿಸುತ್ತದೆ, ಪುರಾಣ ಗೆಳೆಯನಂತೆ ತಿಳಿಹೇಳುತ್ತದೆ, ಕಾವ್ಯ ನಲ್ಲೆಯಂತೆ ಒಲಿಸಿಕೊಂಡು ಉಪದೇಶಿಸುತ್ತದೆ ಎಂದು ಸಂಸ್ಕೃತದ ಕಾವ್ಯಮೀಮಾಂಸಕ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಮಾಡಿದ ವಿಂಗಡಣೆಗಿಂತ ಚೆನ್ನಾಗಿ ಈ ಪದದ ಎರಡು ಮುಖಗಳನ್ನು ಬಿಡಿಸಿ ತೋರಿಸುವ ಮಾತು ನನಗೆ ತಿಳಿದಿಲ್ಲ.

ನೀವು ಕಳುಹಿಸಿದ ಕೊನೆಯ ದೃಶ್ಯವನ್ನೇ ನೋಡಿ. ಟ್ಯಾಂಕರಿನ ಬಳಿ ಬಿಂದಿಗೆ ತುಂಬಿಸಿಕೊಂಡ ಹುಡುಗಿ, ಅದರ ತಳದ ತೂತಿಗೆ ಹೆಬ್ಬೆರಳು ಒತ್ತಿಕೊಂಡು ಮನೆಯವರೆಗೂ ನಡೆಯುತ್ತಾಳೆ. ಸಾವಿರ ಅಡಿ ಕೊರೆಸಿಯೂ ಬರಿಗೈಯಾದವರಿರುವ ನಮ್ಮ ಕೋಲಾರ ಸೀಮೆಯಲ್ಲಿ ಆ ಹೆಬ್ಬೆರಳಿಗೆ ವ್ಯಾಖ್ಯಾನ ಬೇಕಿಲ್ಲ. ಆಮೇಲೆ ತಾತ ಮುಂದೆ ಬಂದು ‘ಮಕ್ಕಳೇ, ನೀರು ಅಮೂಲ್ಯವಾದದ್ದು’ ಎಂದು ಆರಂಭಿಸಿ ಹತ್ತು ಸಾಲು ಹೇಳುತ್ತಾನೆ. ‘ತುಸು ಡೈಡ್ಯಾಕ್ಟಿಕ್’ ಎಂದದ್ದು ಆ ಹತ್ತು ಸಾಲುಗಳಿಗೆ.