500 ವ್ಯಾಟ್ ಪವರ್ ಸಪ್ಲೈ ನಿಜಕ್ಕೂ ಎಷ್ಟು ಕರೆಂಟ್ ತಿನ್ನುತ್ತದೆ? ಸದಾ ಆನ್ ಇರುವ ಪಿಸಿಯ ಲೆಕ್ಕ

ಸೂತ್ರ ಎಲ್ಲರಿಗೂ ಗೊತ್ತು: ವ್ಯಾಟ್ × ಗಂಟೆ ÷ 1000 = ಯೂನಿಟ್. 30 ದಿನ ಬಿಡುವಿಲ್ಲದೆ ಓಡಿದರೆ 720 ಗಂಟೆ. ಅಂದರೆ ಸದಾ ಉರಿಯುವ ಒಂದೊಂದು ವ್ಯಾಟ್‌ಗೂ ತಿಂಗಳಿಗೆ 0.72 ಯೂನಿಟ್, ವರ್ಷಕ್ಕೆ 8.76. ಈ 0.72 ಬಾಯಿಪಾಠ ಆದರೆ ಅರ್ಧ ಕೆಲಸ ಮುಗಿದಂತೆ.

ಎಡವುವುದು ಸೂತ್ರದಲ್ಲಲ್ಲ, ಯಾವ ವ್ಯಾಟ್ ಹಾಕಬೇಕು ಅನ್ನುವಲ್ಲಿ. ಪವರ್ ಸಪ್ಲೈ (ಗೋಡೆಯ ಕರೆಂಟನ್ನು ಪಿಸಿಯ ಭಾಗಗಳಿಗೆ ಹಂಚುವ ಪೆಟ್ಟಿಗೆ) ಮೇಲಿನ 500 ಅದು ಕೊಡಬಲ್ಲ ಗರಿಷ್ಠ, ಎಳೆಯುವಷ್ಟಲ್ಲ. 500 × 0.72 = 360 ಯೂನಿಟ್ ಎಂದು ಗಾಬರಿಯಾಗುವುದು ಇದೇ ತಪ್ಪಿನಿಂದ. ಒಳಗಿನ ಭಾಗಗಳು ಕೇಳಿದಷ್ಟನ್ನೇ ಅದು ಗೋಡೆಯಿಂದ ಎಳೆಯುತ್ತದೆ, ಜೊತೆಗೆ ತಾನು ಬಿಸಿಯಾಗಿ ಕಳೆಯುವಷ್ಟನ್ನೂ.

ಈ ನಷ್ಟ ಸೇರಿಸುವಾಗ ಇನ್ನೊಂದು ಗೊಂದಲ. ದಕ್ಷತೆ (ಎಳೆದದ್ದರಲ್ಲಿ ಒಳಗೆ ತಲುಪುವ ಪಾಲು) 85% ಎಂದರೆ ಗುಣಿಸಬೇಕೋ ಭಾಗಿಸಬೇಕೋ? ಭಾಗಿಸಬೇಕು. ಒಳಗೆ 60 ವ್ಯಾಟ್ ಬೇಕಿದ್ದರೆ 60 ÷ 0.85, ಗೋಡೆಯಲ್ಲಿ ಸುಮಾರು 71. ಗುಣಿಸಿದರೆ 51 ಬರುತ್ತದೆ. ಗೋಡೆಯಿಂದ ಎಳೆದದ್ದಕ್ಕಿಂತ ಒಳಗೆ ಹೆಚ್ಚು ಸಿಗುತ್ತದೆಯೇ ಎಂದು ಕೇಳಿಕೊಂಡರೆ ತಪ್ಪು ತಾನೇ ಹೊರಬೀಳುತ್ತದೆ. ಲೋಡ್ ತೀರಾ ಕಡಿಮೆಯಿದ್ದಾಗ ದಕ್ಷತೆಯೂ ಇಳಿಯುತ್ತದೆ. ಸುಮ್ಮನೆ ಕೂತಿರುವ ಪಿಸಿಗೆ ದೈತ್ಯ ಪವರ್ ಸಪ್ಲೈ ಹಾಕಿ ಲಾಭವಿಲ್ಲ.

ಊಹೆಗಿಂತ ಅಳತೆ ಮೇಲು. ಪ್ಲಗ್ ಮೀಟರ್ (ಸಾಕೆಟ್‌ಗೆ ಸಿಕ್ಕಿಸಿ ವ್ಯಾಟ್ ನೋಡುವ ಸಾಧನ) ಇಲ್ಲದಿದ್ದರೆ ಮನೆಯ ಕರೆಂಟ್ ಮೀಟರಿನ ಮಿನುಗುವ ದೀಪವೇ ಸಾಕು. ಮೀಟರ್ ಮೇಲೆ ಯೂನಿಟ್‌ಗೆ (kWh) 3200 ಇಂಪಲ್ಸ್, ಅಂದರೆ ಮಿನುಗು, ಎಂದಿದ್ದರೆ, 1125ನ್ನು ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿ, ವ್ಯಾಟ್ ಸಿಗುತ್ತದೆ. (ಒಂದು ಯೂನಿಟ್ ಎಂದರೆ 36,00,000 ವ್ಯಾಟ್-ಸೆಕೆಂಡ್. 36,00,000 ÷ 3200 = 1125. 1600 ಇಂಪಲ್ಸ್ ಆದರೆ 2250.) ಫ್ರಿಜ್, ಫ್ಯಾನ್, ಯುಪಿಎಸ್, ಎಲ್ಲ ಆಫ್ ಮಾಡಿ ಪಿಸಿ ಮಾತ್ರ ಬಿಡಿ. ಮಿನುಗಿದ ಕ್ಷಣ ಸ್ಟಾಪ್‌ವಾಚ್ ಒತ್ತಿ, ಆ ಮಿನುಗನ್ನು "ಸೊನ್ನೆ" ಎಂದೇ ಎಣಿಸಿ, ಹತ್ತಕ್ಕೆ ನಿಲ್ಲಿಸಿ. "ಒಂದು" ಎಂದರೆ ಹತ್ತರ ಬದಲು ಒಂಬತ್ತೇ ಅಂತರ ಸಿಗುತ್ತದೆ, ಉತ್ತರ ಹನ್ನೊಂದು ಪ್ರತಿಶತ ಏರುತ್ತದೆ. ಹತ್ತು ಅಂತರಕ್ಕೆ 150 ಸೆಕೆಂಡ್ ಆದರೆ ಒಂದಕ್ಕೆ 15, ಅಂದರೆ 75 ವ್ಯಾಟ್. ಕ್ಲ್ಯಾಂಪ್ ಮೀಟರಿನ ಆಂಪಿಯರನ್ನು ವೋಲ್ಟ್‌ನಿಂದ ಗುಣಿಸುವ ದಾರಿ ಬೇಡ. ಪವರ್ ಫ್ಯಾಕ್ಟರ್ (ಆ ಗುಣಲಬ್ಧದಲ್ಲಿ ನಿಜವಾಗಿ ಬಳಕೆಯಾಗುವ ಪಾಲು) ಲೆಕ್ಕಕ್ಕೆ ಬಾರದೆ ಹೆಚ್ಚು ತೋರಿಸುತ್ತದೆ.

ಒಂದೇ ಅಳತೆಯನ್ನು 720ರಿಂದ ಗುಣಿಸಬೇಡಿ. ದಿನಕ್ಕೆ 4 ಗಂಟೆ 150 ವ್ಯಾಟ್, ಉಳಿದ 20 ಗಂಟೆ 50 ವ್ಯಾಟ್ ಇದ್ದರೆ 600 + 1000 = 1600 ವ್ಯಾಟ್-ಗಂಟೆ, ತಿಂಗಳಿಗೆ 48 ಯೂನಿಟ್. ಭಾರೀ ಕೆಲಸಕ್ಕಿಂತ ಸುಮ್ಮನೆ ಕೂತಿದ್ದೇ ಹೆಚ್ಚು ತಿಂದಿದೆ, ನೋಡಿ. ಆ 20 ಗಂಟೆ ಸ್ಲೀಪ್‌ಗೆ ಹೋಗಿ 3 ವ್ಯಾಟ್‌ಗೆ ಇಳಿದರೆ ಒಟ್ಟು 19.8 ಯೂನಿಟ್. ಸ್ಕ್ರೀನ್‌ಸೇವರ್ ಓಡಿದರೆ ಮಾತ್ರ ಏನೂ ಉಳಿಯದು. ಮಾನಿಟರ್ ಉರಿಯುತ್ತಲೇ ಇರುತ್ತದೆ.

ಕೊನೆಗೆ ದರ. ಸ್ಲ್ಯಾಬ್ ಪದ್ಧತಿ ಇದ್ದರೆ ಬಿಲ್ಲಿನ ಸರಾಸರಿ ದರ ಹಿಡಿಯಬೇಡಿ. ಪಿಸಿ ಆಫ್ ಮಾಡಿದರೆ ಉಳಿಯುವುದು ಮೇಲಿನ ಸ್ಲ್ಯಾಬಿನ ಯೂನಿಟ್‌ಗಳೇ, ಆ ದರದಲ್ಲೇ ಗುಣಿಸಿ.